ಕಲ್ಲಾದ ಮರಕ್ಕೆ ‘ವುಡ್ ಬ್ಲೀಚ್’: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಣ್ಣ, ವಾರ್ನಿಷ್‌ಗಳ ಸಾಲಿನಲ್ಲಿ ‘ವುಡ್ ಬ್ಲೀಚ್’ ಎಂಬ ಹೆಸರಿನಲ್ಲಿ ಮಾರುವ ಬಿಳಿ ಪುಡಿಯ ಡಬ್ಬವನ್ನು ನಾನು ಕೊಂಡದ್ದು ಮರಕ್ಕಾಗಿ ಅಲ್ಲ, ಕಲ್ಲಾಗಿರುವ ಮರಕ್ಕಾಗಿ. ಅರಿಜೋನಾದ ಹೋಲ್‌ಬ್ರೂಕ್ ಕಡೆಯಿಂದ ಬಂದ ಕೆಲವು ಹಲ್ಲೆಗಳ (ಕೊಯ್ದ ಚಪ್ಪಟೆ ತುಂಡುಗಳ) ಮೇಲೆ ಮೂಲ ಬಣ್ಣವನ್ನೇ ಮರೆಮಾಚುವಂತೆ ತುಕ್ಕಿನ ಪದರ ಕಟ್ಟಿತ್ತು. ಅದನ್ನು ತೆಗೆಯಲು ಯಾವ ರಾಸಾಯನಿಕ ಸೂಕ್ತ, ಯಾವುದು ಅಪಾಯ ಎಂಬುದನ್ನು ಫೀನಿಕ್ಸ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪುಡಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ನಾನು ಕೊಂಡ ಡಬ್ಬದ ಮೇಲಿನ ಸೂಚನೆಗಳು ಮರದ ಜಗಲಿ, ಬಾಗಿಲು, ಮೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕಲ್ಲನ್ನು ಬಕೆಟ್ಟಿನಲ್ಲಿ ದಿನಗಟ್ಟಲೆ ನೆನೆಹಾಕುವವರಿಗೆ ಬೇಕಾದ ಎಚ್ಚರಿಕೆಯ ಮಾತು ಅಲ್ಲಿ ಬಹಳ ಕಡಿಮೆ.

ಮೊದಲನೆಯ ತೊಡಕು ಹೆಸರಿನದೇ. ‘ವುಡ್ ಬ್ಲೀಚ್’ ಎಂದು ಮಾರಾಟವಾಗುವ ಸರಕುಗಳಲ್ಲಿ ಕನಿಷ್ಠ ಎರಡು ಬಗೆಗಳಿವೆ, ಅವೆರಡಕ್ಕೂ ರಾಸಾಯನಿಕವಾಗಿ ಯಾವ ಸಂಬಂಧವೂ ಇಲ್ಲ. ಡಬ್ಬದಲ್ಲಿ ಪುಡಿಯಾಗಿ ಬರುವುದು ಆಕ್ಸಾಲಿಕ್ ಆಮ್ಲ. ‘ಎ’ ಮತ್ತು ‘ಬಿ’ ಎಂದು ಗುರುತು ಮಾಡಿದ ಎರಡು ಬಾಟಲಿಗಳ ಜೋಡಿಯಾಗಿ ಬರುವುದರಲ್ಲಿ ಒಂದು ಕಾಸ್ಟಿಕ್ ಸೋಡಾದ ದ್ರಾವಣ, ಇನ್ನೊಂದು ಪ್ರಬಲ ಹೈಡ್ರೋಜನ್ ಪೆರಾಕ್ಸೈಡ್. ಎರಡನೆಯದು ಮರದ ಸಹಜ ಬಣ್ಣವನ್ನೇ ಅಳಿಸಿಹಾಕಲೆಂದು ತಯಾರಾದದ್ದು. ಕಲ್ಲಾದ ಮರದಲ್ಲಿ ಅಳಿಸುವುದಕ್ಕೆ ಅಂಥ ಸಾವಯವ ಬಣ್ಣ ಉಳಿದಿರುವುದೇ ಅಪರೂಪ, ಅಲ್ಲದೆ ಕೆಲವು ಕಲ್ಲಾದ ಮರಗಳಲ್ಲಿರುವ ಓಪಲ್ ರೂಪದ, ಎಂದರೆ ಪೂರ್ತಿ ಸ್ಫಟಿಕವಾಗದ ಸಿಲಿಕಾವನ್ನು ಕಾಸ್ಟಿಕ್ ಸೋಡಾ ನಿಧಾನವಾಗಿ ಕರಗಿಸಬಲ್ಲದು. ಆದುದರಿಂದ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದಲ್ಲಿರುವ ಘಟಕಾಂಶಗಳ ಸಾಲನ್ನು ಓದಬೇಕು. ಅಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ತಯಾರಕರ ಸೇಫ್ಟಿ ಡೇಟಾ ಶೀಟನ್ನು ನೋಡದೆ ಕೊಳ್ಳಬಾರದು.

ರಾಸಾಯನಿಕದ ಮಾತಿಗೆ ಹೋಗುವ ಮೊದಲು ಕಲ್ಲಿನ ವಿಷಯ. ಹೋಲ್‌ಬ್ರೂಕ್ ಸುತ್ತಲಿನ ಈ ಮರಗಳು ಟ್ರಯಾಸಿಕ್ ಯುಗದ ಕೊನೆಯ ಭಾಗದವು, ಎಂದರೆ 20 ಕೋಟಿ ವರ್ಷಗಳಿಗೂ ಹಿಂದಿನವು. ಚಿನ್ಲೆ ಎಂಬ ಶಿಲಾಸ್ತರದಲ್ಲಿ ಹೂತುಹೋದ ದಿಮ್ಮಿಗಳೊಳಗೆ ಜ್ವಾಲಾಮುಖಿ ಬೂದಿಯಿಂದ ಕರಗಿ ಬಂದ ಸಿಲಿಕಾ ಸೇರಿಕೊಂಡು, ಕಾಲಕ್ರಮೇಣ ಸ್ಫಟಿಕಶಿಲೆಯಾಗಿದೆ. ಮೋಸ್ ಮಾಪಕದಲ್ಲಿ ಇದರ ಗಡಸುತನ ಸುಮಾರು 7. ಕೆಂಪು, ಹಳದಿ, ಕಂದು ಬಣ್ಣಗಳು ಕಬ್ಬಿಣದ ಆಕ್ಸೈಡುಗಳಿಂದ ಬಂದವು. ಕಪ್ಪು ಮತ್ತು ನೇರಳೆ ಛಾಯೆಗಳಲ್ಲಿ ಮ್ಯಾಂಗನೀಸಿನ ಪಾಲೂ ಇದೆ. ಹೀಗಿರುವಾಗ ‘ಕಲೆ’ ಎಂದು ನಾವು ತೆಗೆಯಲು ಹೊರಟಿರುವ ತುಕ್ಕೂ, ದುಡ್ಡು ಕೊಟ್ಟು ಕೊಂಡ ಚೆಂದದ ಕೆಂಪೂ ಒಂದೇ ಧಾತುವಿನವು. ಸ್ಫಟಿಕದೊಳಗೆ ಸಿಕ್ಕಿಕೊಂಡ ಬಣ್ಣಕ್ಕೆ ಆಮ್ಲ ಸುಲಭವಾಗಿ ತಲುಪುವುದಿಲ್ಲ ಎಂಬುದೊಂದೇ ಇಲ್ಲಿರುವ ರಕ್ಷಣೆ. ತೊಗಟೆಯ ಭಾಗದಂತೆ ಸರಂಧ್ರವಾಗಿರುವ ಕಡೆ ಆ ರಕ್ಷಣೆಯೂ ಇಲ್ಲ. ಹೆಚ್ಚು ಹೊತ್ತು ನೆನೆದರೆ ಅಲ್ಲಿನ ಬಣ್ಣ ಪೇಲವವಾಗುತ್ತದೆ.

ಕಲ್ಲು ಎಲ್ಲಿಂದ ಬಂತೆಂಬುದನ್ನೂ ಇಲ್ಲಿ ಹೇಳಬೇಕು. 1906ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಘೋಷಿತವಾಗಿ 1962ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪೆಟ್ರಿಫೈಡ್ ಫಾರೆಸ್ಟ್‌ನೊಳಗಿನಿಂದ ಒಂದು ಚೂರನ್ನೂ ಎತ್ತುವಂತಿಲ್ಲ. ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ಸಿಗುವುದು ಸುತ್ತಲಿನ ಖಾಸಗಿ ಜಮೀನುಗಳಿಂದ ತೆಗೆದ ಕಲ್ಲು. ನಮ್ಮ ಕಡೆಯವರು ಲಾಲ್‌ಬಾಗ್‌ನಲ್ಲಿ ನೋಡಿರಬಹುದಾದ ಕಲ್ಲಾದ ಮರದ ತುಂಡು ತಮಿಳುನಾಡಿನ ತಿರುವಕ್ಕರೈನದು. ಅಲ್ಲಿನ ಪಳೆಯುಳಿಕೆ ಉದ್ಯಾನಕ್ಕೂ ಇದೇ ಬಗೆಯ ರಕ್ಷಣೆ ಇದೆ.

ಇನ್ನು ತೊಳೆಯುವ ಕ್ರಮ. ಗರಗಸದಿಂದ ಕೊಯ್ದ ಹೊಸ ಹಲ್ಲೆಯ ಮೇಲೆ ಎಣ್ಣೆಯ ಅಂಶ ಉಳಿದಿರುವುದು ಸಾಮಾನ್ಯ, ಅದನ್ನು ಪಾತ್ರೆ ತೊಳೆಯುವ ಸೋಪಿನಿಂದ ಮೊದಲು ತೆಗೆಯಬೇಕು. ಕಲ್ಲು ನೋಡಲು ಕೊಳಕಾಗಿದ್ದರೆ ಅರ್ಧ ಪಾಲು ಕೆಲಸ ನೈಲಾನ್ ಬ್ರಷ್ಷು, ಸೋಪು, ಬಿಸಿ ನೀರಿನಲ್ಲೇ ಮುಗಿಯುತ್ತದೆ. ಮಣ್ಣನ್ನು ತೊಳೆಯಲೆಂದು ರಾಸಾಯನಿಕದ ಬಾಟಲಿಯನ್ನು ತೆರೆಯುವುದು ದುಡ್ಡಿನ ದಂಡ ಮಾತ್ರವಲ್ಲ, ಅನಗತ್ಯವಾಗಿ ಮೈಮೇಲೆ ಎಳೆದುಕೊಳ್ಳುವ ಅಪಾಯ.

ಬ್ಲೀಚ್ ಎಂದ ಕೂಡಲೇ ಹಲವರ ಕೈ ಹೋಗುವುದು ಬಟ್ಟೆ ಒಗೆಯುವ ಕೋಣೆಯಲ್ಲಿರುವ ಕ್ಲೋರಿನ್ ಬ್ಲೀಚಿನ ಕಡೆಗೆ, ಇಲ್ಲವೇ ಈಜುಕೊಳಕ್ಕೆ ಹಾಕುವ ಅದರ ಇನ್ನೂ ಪ್ರಬಲ ರೂಪದ ಕಡೆಗೆ. ಈಜುಕೊಳದ ದ್ರಾವಣದಲ್ಲಿ ಸೋಡಿಯಂ ಹೈಪೋಕ್ಲೋರೈಟಿನ ಪ್ರಮಾಣ 10ರಿಂದ 12.5 ಶೇಕಡಾದಷ್ಟಿರುತ್ತದೆ. ಕಲ್ಲಿನ ಮೇಲೆ ಬೆಳೆದ ಪಾಚಿ, ಕಲ್ಲುಹೂವಿನ ಪದರಗಳನ್ನು ತೆಗೆಯಲು ತೆಳುಗೊಳಿಸಿದ ಬ್ಲೀಚ್ ನಿಜಕ್ಕೂ ಉಪಯುಕ್ತ, ಆ ಕೆಲಸಕ್ಕೆ ನಾನು ಅದನ್ನು ಒಪ್ಪುತ್ತೇನೆ. ತುಕ್ಕಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ. ತುಕ್ಕು ಈಗಾಗಲೇ ಉತ್ಕರ್ಷಣೆಗೊಂಡ ಕಬ್ಬಿಣ. ಮತ್ತಷ್ಟು ಉತ್ಕರ್ಷಿಸುವ ವಸ್ತುವನ್ನು ಸುರಿದರೆ ಅದು ಕರಗುವುದಿಲ್ಲ. ಬಿರುಕುಗಳಲ್ಲಿ ಇಂಗಿದ ಬ್ಲೀಚ್ ಆರಿದ ಮೇಲೆ ಉಪ್ಪಿನ ಬಿಳಿ ಹರಳಾಗಿ ಹೊರಬರುವುದು ಇನ್ನೊಂದು ಕಿರುಕುಳ. ಅಲ್ಲದೆ ಶಾಖದಲ್ಲಿ ಈ ದ್ರಾವಣ ಬೇಗನೆ ಶಕ್ತಿಗುಂದುತ್ತದೆ. ಫೀನಿಕ್ಸ್‌ನ ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿಟ್ಟ ಬಾಟಲಿ ಹೆಸರಿಗೆ ಮಾತ್ರ ಬ್ಲೀಚ್ ಆಗಿ ಉಳಿದಿರುತ್ತದೆ.

ನಿಜವಾದ ಅಪಾಯ ಇರುವುದು ಎರಡನ್ನು ಬೆರೆಸುವಲ್ಲಿ. ಬ್ಲೀಚಿಗೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅಮೋನಿಯಾ ಇರುವ ದ್ರವ ಸೇರಿದರೆ ಕ್ಲೋರಮೈನುಗಳೆಂಬ ವಿಷಾನಿಲಗಳು. ಬ್ಲೀಚಿನಲ್ಲಿ ನೆನೆದ ಕಲ್ಲನ್ನು ಮೇಲೆ ಮೇಲೆ ತೊಳೆದು ನೇರವಾಗಿ ಆಕ್ಸಾಲಿಕ್ ಆಮ್ಲದ ಬಕೆಟ್ಟಿಗೆ ಇಳಿಸಿದರೆ ಬೆರೆಸಿದಂತೆಯೇ ಆಯಿತು, ಏಕೆಂದರೆ ಬಿರುಕುಗಳೊಳಗಿನ ದ್ರವ ಅಷ್ಟು ಬೇಗ ಹೊರಬರುವುದಿಲ್ಲ. ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ನೆಲಕ್ಕೆ ಹಾಕುವ ಬ್ಲೀಚಿಂಗ್ ಪೌಡರನ್ನೂ ಶೌಚಾಲಯ ತೊಳೆಯುವ ಆಸಿಡನ್ನೂ ಒಂದೇ ಬಕೆಟ್ಟಿನಲ್ಲಿ, ಒಂದೇ ಮಧ್ಯಾಹ್ನ, ಒಂದೇ ಬ್ರಷ್ಷಿನಲ್ಲಿ ಬಳಸಬಾರದು. ಎರಡೂ ರಾಸಾಯನಿಕಗಳು ಬೇಕೇ ಬೇಕೆನ್ನುವ ಕಲ್ಲಿದ್ದರೆ, ನಡುವೆ ನೀರನ್ನು ಬದಲಿಸುತ್ತಾ ಹಲವು ದಿನ ನೆನೆಸಿ, ಕ್ಲೋರಿನ್ ವಾಸನೆ ಒಂದಿಷ್ಟೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು.

ಈಗ ಡಬ್ಬದ ಪುಡಿಗೆ ಬರೋಣ. ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಸಂಯುಕ್ತವಾಗಿ ಮಾಡುತ್ತದೆ, ಸಿಲಿಕಾವನ್ನು ಮುಟ್ಟುವುದಿಲ್ಲ. ನಾನು ಕೊಂಡದ್ದು 12 ಔನ್ಸಿನ ಡಬ್ಬ, ಎಂದರೆ ಸುಮಾರು 340 ಗ್ರಾಂ. ಅದರ ಅರ್ಧವನ್ನು ನಾಲ್ಕು ಲೀಟರ್ ನೀರಿಗೆ ಹಾಕಿದರೆ ಹೋಲ್‌ಬ್ರೂಕಿನ ಹಲ್ಲೆಗಳಿಗೆ ಸಾಕಾಗುತ್ತದೆ. ಇಡೀ ಡಬ್ಬವನ್ನು ಸುರಿದರೆ ಕೆಲಸ ತುಸು ಬೇಗ ಆಗಬಹುದು, ಆದರೆ ಚಳಿಗಾಲದ ರಾತ್ರಿ ಹೆಚ್ಚಾದ ಆಮ್ಲ ಹರಳುಗಟ್ಟಿ ತಳದಲ್ಲೇ ಕೂರುತ್ತದೆ. ಈ ದ್ರಾವಣದ ಪಿಎಚ್ ಸುಮಾರು 1, ಎಂದರೆ ತೀವ್ರ ಆಮ್ಲೀಯ. ಬಣ್ಣವಿಲ್ಲ, ವಾಸನೆಯಿಲ್ಲ, ನೋಡಲು ಕುಡಿಯುವ ನೀರಿನಂತೆಯೇ ಇರುತ್ತದೆ. ಮಕ್ಕಳೂ ನಾಯಿಯೂ ಓಡಾಡುವ ಮನೆಯಲ್ಲಿ ಇದನ್ನು ಮುಚ್ಚಳವಿಲ್ಲದೆ ಇಡುವ ಮಾತೇ ಇಲ್ಲ.

ಪುಡಿಯನ್ನು ಅಳೆಯುವ ಹೊತ್ತೇ ಅತ್ಯಂತ ಜಾಗರೂಕವಾಗಿರಬೇಕಾದ ಹೊತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ನಿಗದಿ ಮಾಡಿರುವ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 1 ಮಿಲಿಗ್ರಾಂ; ಚಮಚದಿಂದ ಎತ್ತಿ ಬಕೆಟ್ಟಿಗೆ ಸುರಿಯುವಾಗ ಏಳುವ ದೂಳು ಮೂಗಿನ ಮುಂದೆ ಕ್ಷಣಕಾಲ ಅದನ್ನು ಮೀರುವುದು ಕಷ್ಟವೇನಲ್ಲ. ಆದುದರಿಂದ ಫ್ಯಾನನ್ನು ಆರಿಸಿ, ಎನ್95 ಮುಖಗವಸನ್ನು ಹಾಕಿಕೊಂಡು, ಬಕೆಟ್ಟಿನಲ್ಲಿ ಮೊದಲೇ ನೀರು ತುಂಬಿಸಿ, ಪುಡಿಯನ್ನು ನೀರಿನ ಮೇಲ್ಮೈಗೆ ಹತ್ತಿರದಿಂದ ನಿಧಾನವಾಗಿ ಜಾರಿಸಬೇಕು. ದೂಳು ಅಡಗಿದ ಮೇಲೆ ಗಾಳಿಯಾಡಲು ಬಾಗಿಲು ತೆರೆದಿಡಬಹುದು.

ಈ ಆಮ್ಲವನ್ನು ಹಗುರವಾಗಿ ಕಾಣುವವರು ಹೆಚ್ಚು, ಅದಕ್ಕೆ ಕಾರಣ ನಮಗೆ ಅದರ ಪರಿಚಯ ಇರುವುದೇ. ಪಾಲಕ್ ಸೊಪ್ಪಿನಲ್ಲಿ ಅದು ಇದೆ. ಸರಿಯಾಗಿ ಬೇಯದ ಪತ್ರೊಡೆ ತಿಂದಾಗ ನಾಲಿಗೆ ತುರಿಸುವುದಕ್ಕೆ ಕೆಸುವಿನ ಎಲೆಯಲ್ಲಿರುವ ಅದರದೇ ಕ್ಯಾಲ್ಸಿಯಂ ಲವಣದ ಸೂಜಿಹರಳುಗಳು ಕಾರಣ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಅದೇ ಲವಣದಿಂದಾದವು. ಮಾರ್ಬಲ್, ಮೊಸಾಯಿಕ್ ನೆಲಗಳಿಗೆ ಪಾಲಿಶ್ ಮಾಡುವವರು ನಮ್ಮೂರುಗಳಲ್ಲಿ ಆಕ್ಸಾಲಿಕ್ ಪೌಡರನ್ನು ಬರಿಗೈಯಲ್ಲಿ ಹರಡುವುದನ್ನೂ ಕಂಡಿದ್ದೇವೆ. ಆದರೆ ಡಬ್ಬದಲ್ಲಿರುವುದು ಸೊಪ್ಪಿನ ಅಂಶವಲ್ಲ, ಹೆಚ್ಚೂಕಡಿಮೆ ಶುದ್ಧ ಆಮ್ಲ. ನುಂಗಿದರೆ ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೃದಯದ ಬಡಿತವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಕೆಲವೇ ಗ್ರಾಂ ಪ್ರಾಣಕ್ಕೆ ಎರವಾಗಬಹುದು. ಕೈಬೆರಳುಗಳು ದ್ರಾವಣದಲ್ಲಿ ಮತ್ತೆ ಮತ್ತೆ ಮುಳುಗಿದರೆ ಉಗುರಿನ ಬುಡ ನೀಲಿಗಟ್ಟಿ ನೋಯುತ್ತದೆ, ಹುಣ್ಣು ತಡವಾಗಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಉರಿಯದ್ದರಿಂದ ಏನೂ ಆಗಿಲ್ಲವೆಂದು ತಿಳಿಯುವುದೇ ಇಲ್ಲಿನ ಮೋಸ.

ಎರಡು ವಿಷಯಗಳನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಒಂದು, ಬೆಳಕು. ಕಲ್ಲು ನೆನೆಯುತ್ತಾ ಹೋದಂತೆ ದ್ರಾವಣ ತಿಳಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ಕರಗುತ್ತಿದೆ ಎಂಬುದಕ್ಕೆ ಅದೇ ಗುರುತು. ಈ ಹಸಿರು ಸಂಯುಕ್ತ ಬಿಸಿಲಿಗೆ ಒಡೆಯುತ್ತದೆ, ಒಡೆದಾಗ ನೀರಿನಲ್ಲಿ ಕರಗದ ಹಳದಿ ಬಣ್ಣದ ಫೆರಸ್ ಆಕ್ಸಲೇಟ್ ಉಂಟಾಗಿ ಕಲ್ಲಿನ ಮೇಲೆಯೇ ಕೂರುತ್ತದೆ. ತುಕ್ಕನ್ನು ತೆಗೆಯಲು ಹೊರಟವರಿಗೆ ನಿಂಬೆಹಣ್ಣಿನ ಬಣ್ಣದ ಹೊಸ ಕಲೆ ಸಿಕ್ಕಿದ್ದರೆ ಬಹುಮಟ್ಟಿಗೆ ಕಾರಣ ಇದೇ. ಬಕೆಟ್ಟನ್ನು ನೆರಳಿನಲ್ಲಿ, ಬೆಳಕು ಹಾಯದ ಮುಚ್ಚಳ ಹಾಕಿ ಇಡುವುದೇ ಇದಕ್ಕೆ ಪರಿಹಾರ. ಎರಡು, ಸುಣ್ಣದ ಅಂಶ. ಕೆಲವು ಕಲ್ಲಾದ ಮರಗಳ ಬಿರುಕುಗಳಲ್ಲಿ ಕ್ಯಾಲ್ಸೈಟ್ ತುಂಬಿರುತ್ತದೆ, ಕೆಲವು ಪೂರ್ತಿಯಾಗಿ ಕ್ಯಾಲ್ಸೈಟೇ. ಅಲ್ಲಿಗೆ ಆಕ್ಸಾಲಿಕ್ ಆಮ್ಲ ತಾಗಿದರೆ ಮೊದಲು ಸಣ್ಣ ಗುಳ್ಳೆಗಳೇಳುತ್ತವೆ, ಬಳಿಕ ಉಜ್ಜಿದರೂ ಹೋಗದ ಬಿಳಿ ಪೊರೆ ಕಟ್ಟುತ್ತದೆ. ಕಲ್ಲಿನ ಮೂಲೆಯೊಂದಕ್ಕೆ ವಿನೆಗರ್ ತೊಟ್ಟನ್ನು ಹಾಕಿ ಭೂತಗನ್ನಡಿಯಲ್ಲಿ ನೋಡಿ, ಗುಳ್ಳೆ ಎದ್ದರೆ ಈ ಪುಡಿಯ ಸಹವಾಸವನ್ನೇ ಬಿಡಬೇಕು.

ಬೇಗ ಆಗಲೆಂದು ದ್ರಾವಣವನ್ನು ಬಿಸಿಮಾಡುವ ಪದ್ಧತಿ ಕಲ್ಲು ಸಂಗ್ರಾಹಕರಲ್ಲಿದೆ. ಹಳೆಯ ವಿದ್ಯುತ್ ಪಾತ್ರೆಯಲ್ಲಿ ರಾತ್ರಿಯಿಡೀ ಕಾಯಿಸುವವರಿದ್ದಾರೆ. ಮನೆಯ ಮಟ್ಟದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಬಿಸಿ ದ್ರಾವಣದಿಂದ ಏಳುವ ಹಬೆಯೊಂದಿಗೆ ಆಮ್ಲದ ಸೂಕ್ಷ್ಮ ಹನಿಗಳು ಗಾಳಿಗೆ ಸೇರಿ ಗಂಟಲನ್ನು ಕೆರಳಿಸುತ್ತವೆ, ನೀರು ಬತ್ತಿ ಪಾತ್ರೆಯ ತಳ ಒಣಗಿ ಕಾದರೆ ಆಮ್ಲ ಒಡೆದು ಕಾರ್ಬನ್ ಮೊನಾಕ್ಸೈಡ್ ಕೂಡ ಹೊರಬರುತ್ತದೆ. ಓಪಲ್ ಆಗಿರುವ ಮರವಾದರೆ ಬಿಸಿಯಿಂದಲೇ ಬಿರುಕು ಬಿಡಬಹುದು. ತಣ್ಣಗಿನ ದ್ರಾವಣದಲ್ಲಿ ಎರಡು ಮೂರು ದಿನ ಹೆಚ್ಚು ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಬಲ ಹೈಡ್ರೋಜನ್ ಪೆರಾಕ್ಸೈಡಿನ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟುವಾದದ್ದು. ಔಷಧದಂಗಡಿಯ 3 ಶೇಕಡಾ ಬಾಟಲಿಯ ಮಾತಲ್ಲ ಇದು. ಆನ್‌ಲೈನಿನಲ್ಲಿ ‘ಫುಡ್ ಗ್ರೇಡ್’ ಎಂಬ ಸೌಮ್ಯ ಹೆಸರಿನಲ್ಲಿ ಸಿಗುವ 35 ಶೇಕಡಾ ದ್ರಾವಣದ ಮಾತು. ಚರ್ಮಕ್ಕೆ ತಾಗಿದರೆ ಆ ಜಾಗ ಬೆಳ್ಳಗಾಗಿ ಚುಚ್ಚತೊಡಗುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕಲ್ಲಾದ ಮರದ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡನ್ನು ವೇಗವಾಗಿ ಒಡೆಯುತ್ತದೆ ಎಂಬುದನ್ನು ಶಾಲೆಯ ಪ್ರಯೋಗಾಲಯದಲ್ಲೇ ಕಲಿತಿರುತ್ತೇವೆ. ಕಪ್ಪು ಗೆರೆಗಳಿರುವ ಹಲ್ಲೆಯಲ್ಲಿ ಅದೇ ವಸ್ತು ಇರಬಹುದು, ಜೊತೆಗೆ ಕಬ್ಬಿಣವೂ ಇದೆ. ಕಲ್ಲನ್ನು ಇಳಿಸಿದ ಸ್ವಲ್ಪ ಹೊತ್ತಿನಲ್ಲೇ ದ್ರವ ನೊರೆಯೆದ್ದು ಬಿಸಿಯಾಗತೊಡಗಿದರೆ, ಬಿಸಿಯಾದಷ್ಟೂ ಒಡೆಯುವ ವೇಗ ಹೆಚ್ಚುತ್ತದೆ. ಒಂದು ಲೀಟರ್ 35 ಶೇಕಡಾ ದ್ರಾವಣ ಪೂರ್ತಿ ಒಡೆದರೆ ಸುಮಾರು 130 ಲೀಟರ್ ಆಮ್ಲಜನಕ ಹೊರಬರುತ್ತದೆ. ಮುಚ್ಚಳ ಬಿಗಿದಿಟ್ಟಿದ್ದರೆ ಪಾತ್ರೆ ಸಿಡಿಯುವುದು ಖಂಡಿತ. ಚೆಲ್ಲಿದ್ದನ್ನು ಒರೆಸಿದ ಹತ್ತಿ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿದರೆ ಅದು ತಾನಾಗಿ ಹೊತ್ತಿಕೊಳ್ಳುವ ಸಾಧ್ಯತೆಯೂ ಇದೆ. ಮನೆಯಲ್ಲಿ ಇದನ್ನು ಬಳಸಲೇಬೇಕಾದಂಥ ಕಲ್ಲನ್ನು ನಾನು ಇನ್ನೂ ಕಂಡಿಲ್ಲ. ಬಿರುಕುಗಳನ್ನು ಎಪಾಕ್ಸಿ ಅಂಟಿನಿಂದ ತುಂಬಿ ಪಾಲಿಶ್ ಮಾಡಿದ ಮೇಜುಹಲಗೆಗಳ ಹತ್ತಿರವಂತೂ ಇದನ್ನು ತರಲೇಬಾರದು.

ತುಕ್ಕು ತೆಗೆಯಲು ಸಿಗುವ ಇನ್ನೊಂದು ಸರಕು ‘ಐರನ್ ಔಟ್’ ಎಂಬ ಪುಡಿ. ಅದರಲ್ಲಿ ಕೆಲಸ ಮಾಡುವುದು ಸೋಡಿಯಂ ಹೈಡ್ರೋಸಲ್ಫೈಟ್. ತೆಳುವಾದ ತುಕ್ಕಿಗೆ ಇದು ಆಕ್ಸಾಲಿಕ್ ಆಮ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಆದರೆ ಕಡ್ಡಿಪೆಟ್ಟಿಗೆ ಗೀರಿದಾಗ ಬರುವಂಥ ಗಂಧಕದ ಘಾಟು ಇದಕ್ಕಿದೆ, ಆಸ್ತಮಾ ಇರುವವರು ಇದರ ಹತ್ತಿರ ಸುಳಿಯದಿರುವುದೇ ಒಳಿತು. ಡಬ್ಬದೊಳಗೆ ತೇವ ಸೇರಿದರೆ ಪುಡಿ ತಾನಾಗಿ ಬಿಸಿಯೇರುತ್ತದೆ. ಬ್ಲೀಚಿನೊಂದಿಗೂ ಆಮ್ಲದೊಂದಿಗೂ ಇದನ್ನು ಸೇರಿಸಬಾರದು.

ರಕ್ಷಣಾ ಸಾಮಗ್ರಿಗೆ ತಗಲುವ ಹಣವನ್ನು ಡಬ್ಬದ ಬೆಲೆಯೊಂದಿಗೆ ಸೇರಿಸಿಯೇ ಲೆಕ್ಕ ಹಾಕಬೇಕು, ಏಕೆಂದರೆ ಅದು ಪುಡಿಗಿಂತ ಹೆಚ್ಚಾಗುತ್ತದೆ. ಕಣ್ಣಿಗೆ ಬದಿಗಳೂ ಮುಚ್ಚುವ ರಾಸಾಯನಿಕ ಕನ್ನಡಕ ಬೇಕು, ಓದುವ ಕನ್ನಡಕ ಸಾಲದು. ಕೈಗೆ ಮೊಣಕೈಯವರೆಗೆ ಬರುವ ದಪ್ಪ ನೈಟ್ರೈಲ್ ಗವಸು ಬೇಕು. ಆಸ್ಪತ್ರೆಯ ತೆಳುಗವಸು ಕಲ್ಲಿನ ಚೂಪಾದ ಅಂಚಿಗೆ ಹರಿದುಹೋಗುತ್ತದೆ, ಹರಿದದ್ದು ಗೊತ್ತಾಗುವಷ್ಟರಲ್ಲಿ ದ್ರವ ಒಳಗೆ ಸೇರಿರುತ್ತದೆ. ಎನ್95 ದೂಳನ್ನು ತಡೆಯುತ್ತದೆಯೇ ಹೊರತು ಅನಿಲವನ್ನಲ್ಲ. ಬ್ಲೀಚ್ ಬಳಸುವವರಿಗೆ ಆಮ್ಲ ಅನಿಲಗಳಿಗೆಂದು ಅಂಗೀಕೃತವಾದ ಕಾರ್ಟ್ರಿಡ್ಜ್ (ಗಾಳಿ ಸೋಸುವ ಡಬ್ಬಿ) ಇರುವ ಮುಖಕವಚ ಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಯಾಶ್‌ನ ಗುರುತಿನಲ್ಲಿ ಅದರ ಬಣ್ಣ ಬಿಳಿ, ಸಾವಯವ ಆವಿಗೂ ಸೇರಿದ್ದಾದರೆ ಹಳದಿ. ಕಪ್ಪು ಪಟ್ಟಿಯದು ಬಣ್ಣ ಹಚ್ಚುವವರಿಗೆ ಸರಿ, ಕ್ಲೋರಿನ್ನಿಗೆ ಅಲ್ಲ. ಹತ್ತಿರದಲ್ಲಿ ಹರಿಯುವ ನೀರಿನ ಕೊಳಾಯಿ ಇಲ್ಲದ ಕಡೆ ಈ ಕೆಲಸಕ್ಕೆ ಕೈಹಾಕಲೇಬಾರದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಬಿಡದೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಅಮೆರಿಕದಲ್ಲಿರುವವರು ವಿಷಬಾಧೆಗೆ ಸಲಹೆ ನೀಡುವ ಪಾಯ್ಸನ್ ಕಂಟ್ರೋಲಿನ 1-800-222-1222 ಸಂಖ್ಯೆಯನ್ನು ಬಕೆಟ್ಟಿನ ಮುಚ್ಚಳದ ಮೇಲೆಯೇ ಬರೆದಿಡುವುದು ಲೇಸು.

ಕೆಲಸ ಮುಗಿದ ಮೇಲಿನ ತೊಳೆಯುವಿಕೆ ನೆನೆಸಿದ್ದಷ್ಟೇ ದೀರ್ಘ. ಕಲ್ಲನ್ನು ಹೊಸ ನೀರಿನಲ್ಲಿಟ್ಟು ದಿನಕ್ಕೊಮ್ಮೆ ನೀರು ಬದಲಿಸುತ್ತಾ, ಪಿಎಚ್ ಪಟ್ಟಿ ಕೊಳಾಯಿ ನೀರಿನ ಬಣ್ಣವನ್ನೇ ತೋರಿಸುವವರೆಗೂ ಮುಂದುವರಿಸಬೇಕು. ಉಳಿದ ಆಮ್ಲವನ್ನು ಅಡುಗೆ ಸೋಡಾದಿಂದ ತಟಸ್ಥಗೊಳಿಸಬಹುದು: 100 ಗ್ರಾಂ ಪುಡಿಗೆ ಸುಮಾರು 133 ಗ್ರಾಂ ಸೋಡಾ, ನನ್ನ ಅರ್ಧ ಡಬ್ಬಕ್ಕೆ ಸುಮಾರು 230 ಗ್ರಾಂ. ನೊರೆ ಉಕ್ಕುವುದರಿಂದ ಚಮಚ ಚಮಚವಾಗಿ ಹಾಕಬೇಕು, ಆ ಹೊತ್ತಿನಲ್ಲಿ ಮುಚ್ಚಳ ಹಾಕಬಾರದು. ತಟಸ್ಥವಾಯಿತೆಂದರೆ ವಿಷ ಹೋಯಿತೆಂದಲ್ಲ. ಸೋಡಿಯಂ ಆಕ್ಸಲೇಟ್ ಇನ್ನೂ ನೀರಿನಲ್ಲೇ ಇರುತ್ತದೆ. ಅದನ್ನು ಗಿಡದ ಬುಡಕ್ಕಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಸುರಿಯದೆ, ಮನೆಬಳಕೆಯ ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ಸ್ಥಳೀಯ ಕೇಂದ್ರಕ್ಕೆ ಹೆಸರು ಬರೆದ ಪಾತ್ರೆಯಲ್ಲಿ ಕೊಡಬೇಕು.

ತೆಳು ತುಕ್ಕಿನ ಪದರವಿರುವ ಸ್ಫಟಿಕಮಯ ಹಲ್ಲೆಗಳಿಗೆ ಈ ಪುಡಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಡಬ್ಬದ ಮುಚ್ಚಳಕ್ಕೆ: ಒಮ್ಮೆ ತೆರೆದ ಮೇಲೆ ಅದು ಬಿಗಿಯಾಗಿ ಕೂರುವುದಿಲ್ಲ, ತಿರುಗಿಸುವಾಗಲೆಲ್ಲ ಅಂಚಿಗೆ ಅಂಟಿದ ಪುಡಿ ಕೆಳಗೆ ಉದುರುತ್ತದೆ. ಉಳಿದದ್ದನ್ನು ನಾನು ಅಗಲ ಬಾಯಿಯ ದಪ್ಪ ಪ್ಲಾಸ್ಟಿಕ್ ಜಾಡಿಗೆ ವರ್ಗಾಯಿಸಿ, ಮೂಲ ಲೇಬಲನ್ನು ಕತ್ತರಿಸಿ ಅಂಟಿಸಿ, ಬ್ಲೀಚ್ ಇರುವ ಕಪಾಟಿನಿಂದ ದೂರ, ಗ್ಯಾರೇಜಿನ ಇನ್ನೊಂದು ಗೋಡೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.